ವಿಮಾನಯಾನ ಸುರಕ್ಷತೆಯ ಪದವಿ: ಮಕ್ಕಳು ಏನು ಕಲಿತರು, ಮುಂದೆ ಏನಾದರು? ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರವೇಶದ ದಿನಗಳಲ್ಲಿ ಮೈಸೂರು, ಮಂಡ್ಯ, ನಂಜನಗೂಡು ಕಡೆಯಿಂದ ಬರುವ ತಂದೆ ತಾಯಂದಿರು ಒಂದು ಬಗೆಯ ಪ್ರಶ್ನೆ ಕೇಳುತ್ತಾರೆ. ಕೊನೆಯ ವರ್ಷದ ವಿದ್ಯಾರ್ಥಿಗಳು ಇನ್ನೊಂದು ಬಗೆಯವನ್ನು, ಮಾನ್ಯತೆಯ ತಪಾಸಣೆಗೆ ಬರುವವರು ಮತ್ತೊಂದು ಬಗೆಯವನ್ನು ಕೇಳುತ್ತಾರೆ. ನಾನು ಈ ವಿಭಾಗದಲ್ಲಿ ಪಾಠ ಮಾಡುವವಳು. ಮಕ್ಕಳು ನಿಜವಾಗಿ ಏನು ಕಲಿತರು ಎಂದು ಅಳೆಯುವ ಹೊಣೆಯೂ ನನ್ನದೇ. ಆದ್ದರಿಂದ ಎಲ್ಲರ ಪ್ರಶ್ನೆಗಳಿಗೂ ಒಂದೇ ಕಡೆ ಉತ್ತರ ಬರೆದಿದ್ದೇನೆ.

ಈ ಪದವಿ ಮುಗಿಸಿದರೆ ಪೈಲಟ್ ಆಗಬಹುದೇ?

ಇಲ್ಲ. ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆಗಳ ಹಾರಾಟ, ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ನಡೆಸುವ ಪರೀಕ್ಷೆಗಳು, ವೈದ್ಯಕೀಯ ತಪಾಸಣೆ ಬೇಕು. ಅದು ಬೇರೆಯೇ ದಾರಿ, ಬೇರೆಯೇ ಖರ್ಚು. ವಿಮಾನ ನಿರ್ವಹಣಾ ಎಂಜಿನಿಯರ್ ಪರವಾನಗಿಯೂ ಈ ಪದವಿಯ ಜೊತೆಗೆ ತಾನಾಗಿ ಬರುವುದಿಲ್ಲ. ಇಲ್ಲಿ ಓದಿದವರು ವಿಮಾನ ಸಂಸ್ಥೆಗಳ ಸುರಕ್ಷತಾ ವಿಭಾಗ, ವಿಮಾನ ನಿಲ್ದಾಣ, ನೆಲದ ಸೇವೆ, ದುರಸ್ತಿ ಘಟಕ, ಡ್ರೋನ್ ಕಂಪನಿ ಇಂಥ ಕಡೆ ಕೆಲಸ ಹುಡುಕುತ್ತಾರೆ. ಇದನ್ನು ಪ್ರವೇಶದ ದಿನವೇ ಬಾಯಿಬಿಟ್ಟು ಹೇಳುತ್ತೇವೆ. ಸಾಲ ಮಾಡಿ ಶುಲ್ಕ ಕಟ್ಟುವ ಮನೆಗೆ ಅರ್ಧ ಮಾತು ಹೇಳಿ ಕಳುಹಿಸಬಾರದು.

ಸುರಕ್ಷತೆ ಎಂದರೆ ಬ್ಯಾಗ್ ತಪಾಸಣೆ ಮಾಡುವುದಲ್ಲವೇ?

ಅದು ಭದ್ರತೆ. ಬೇಕೆಂದೇ ಕೇಡು ಮಾಡುವವರನ್ನು ತಡೆಯುವುದು ಭದ್ರತೆ; ಅದರ ನಿಯಮಗಳನ್ನು ನೋಡಿಕೊಳ್ಳುವುದು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ. ಯಾರೂ ಬಯಸದೆಯೂ ಆಗಿಬಿಡುವ ಕೇಡನ್ನು ತಡೆಯುವುದು ಸುರಕ್ಷತೆ. ಅದರ ನಿಯಂತ್ರಣ ಡಿಜಿಸಿಎ ಕೈಯಲ್ಲಿದೆ.

ಅಂಕಪಟ್ಟಿ ಇದೆಯಲ್ಲ, ಕಲಿಕಾ ಫಲ ಎಂದು ಬೇರೆಯಾಗಿ ಅಳೆಯುವುದು ಏಕೆ?

ಮಂಡ್ಯದ ಮನೆಗಳಿಂದ ಬಂದವರಿಗೆ ಇದನ್ನು ವಿವರಿಸುವುದು ಸುಲಭ. ಕಬ್ಬಿನ ಗಾಡಿ ತೂಕದ ಸೇತುವೆಯ ಮೇಲೆ ನಿಂತಾಗ ಸಿಗುವುದು ತೂಕ. ಆ ಕಬ್ಬಿನಲ್ಲಿ ಸಕ್ಕರೆ ಎಷ್ಟಿದೆ ಎಂದು ತಿಳಿಯಬೇಕಾದರೆ ಇಳುವರಿ ನೋಡಬೇಕು. ಕೇಂದ್ರ ಸರ್ಕಾರ ಎಫ್‌ಆರ್‌ಪಿ, ಅಂದರೆ ಕಾರ್ಖಾನೆಗಳು ಕಬ್ಬಿಗೆ ಕೊಡಬೇಕಾದ ಕನಿಷ್ಠ ದರ ಗೊತ್ತುಮಾಡುವುದು ಕೂಡ ಶೇ 10.25ರ ಇಳುವರಿಯನ್ನು ಆಧಾರವಾಗಿ ಇಟ್ಟುಕೊಂಡೇ. ಅಂಕಪಟ್ಟಿ ತೂಕ, ಕಲಿಕಾ ಫಲ ಇಳುವರಿ. ನೂರಕ್ಕೆ 72 ಬಂದಿದೆ ಎಂದರೆ ಆ ಹುಡುಗಿಗೆ ಅಪಘಾತದ ವರದಿಯೊಂದನ್ನು ಓದಿ ಮೂಲ ಕಾರಣವನ್ನು ಹೆಕ್ಕಿ ತೆಗೆಯಲು ಬರುತ್ತದೆಯೇ ಎಂಬುದು ತಿಳಿಯುವುದಿಲ್ಲ. 28 ಅಂಕ ಎಲ್ಲಿ ಹೋಯಿತು ಎಂಬುದೂ ತಿಳಿಯುವುದಿಲ್ಲ. ನಮ್ಮ ವಿಷಯದಲ್ಲಿ ಆ 28 ಹೋದ ಜಾಗವೇ ಮುಖ್ಯ.

ಹಾಗಾದರೆ ನೀವು ಏನನ್ನು ಫಲ ಎಂದು ಬರೆದುಕೊಂಡಿದ್ದೀರಿ?

ಮೊದಲು ಕ್ರಿಯಾಪದ ಸರಿಯಾಗಿರಬೇಕು. 'ವಿದ್ಯಾರ್ಥಿಗೆ ಸುರಕ್ಷತಾ ನಿರ್ವಹಣೆಯ ಅರಿವಿರುತ್ತದೆ' ಎಂದು ಬರೆದರೆ ಅದನ್ನು ಅಳೆಯಲು ಯಾರಿಂದಲೂ ಆಗದು. 'ಕೊಟ್ಟ ಸನ್ನಿವೇಶದಲ್ಲಿ ಹಜಾರ್ಡ್‌ಗಳನ್ನು ಗುರುತಿಸುತ್ತಾಳೆ, ರಿಸ್ಕನ್ನು ಅಂದಾಜು ಮಾಡುತ್ತಾಳೆ, ತಗ್ಗಿಸುವ ಕ್ರಮವನ್ನು ಕಾರಣಸಹಿತ ಬರೆಯುತ್ತಾಳೆ' ಎಂದು ಬರೆದರೆ ಅಳೆಯಬಹುದು.

ಚೌಕಟ್ಟು ನಮ್ಮದಲ್ಲ, ಐಸಿಎಒದ್ದು, ಅಂದರೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯದ್ದು. ಸುರಕ್ಷತಾ ನಿರ್ವಹಣೆಗಾಗಿಯೇ ಮೀಸಲಾದ 19ನೇ ಅನುಬಂಧ 2013ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಅದರ ಪ್ರಕಾರ ಸುರಕ್ಷತಾ ವ್ಯವಸ್ಥೆಗೆ ನಾಲ್ಕು ಕಂಬಗಳು: ನೀತಿ ಮತ್ತು ಗುರಿ, ರಿಸ್ಕ್ ನಿರ್ವಹಣೆ, ಸುರಕ್ಷತೆಯ ಖಾತರಿ, ಸುರಕ್ಷತೆಯ ಪ್ರಸಾರ. ನಮ್ಮ ಪ್ರತಿಯೊಂದು ಫಲವೂ ಇವುಗಳಲ್ಲಿ ಒಂದಕ್ಕೆ ಕಟ್ಟಿಕೊಂಡಿರುತ್ತದೆ. ಇದರ ಮೇಲೆ 13ನೇ ಅನುಬಂಧದ ಒಂದು ಮಾತನ್ನು ಮೊದಲ ತರಗತಿಯಿಂದಲೇ ಹೇಳಿಕೊಡುತ್ತೇವೆ: ಅಪಘಾತ ತನಿಖೆಯ ಏಕೈಕ ಉದ್ದೇಶ ಮುಂದಿನ ಅಪಘಾತವನ್ನು ತಡೆಯುವುದು, ತಪ್ಪು ಯಾರದೆಂದು ಹೊರಿಸುವುದಲ್ಲ.

ಹಜಾರ್ಡ್, ರಿಸ್ಕ್ ಎಂದು ಇಂಗ್ಲಿಷ್ ಪದಗಳನ್ನೇ ಏಕೆ ಬಳಸುತ್ತೀರಿ?

ಕನ್ನಡದಲ್ಲಿ ಎರಡಕ್ಕೂ ನಾವು ಅಪಾಯ ಎಂದೇ ಅನ್ನುತ್ತೇವೆ. ಮೊದಲ ವರ್ಷದವರ ಉತ್ತರ ಪತ್ರಿಕೆಯಲ್ಲಿ ಅತಿ ಹೆಚ್ಚು ಗೋಜಲಾಗುವುದು ಇಲ್ಲಿಯೇ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿ 30 ಮಂದಿ ತೀರಿಕೊಂಡರು. ಆ ಕಡೆಯ ಮಕ್ಕಳು ಅದನ್ನು ಮರೆತಿಲ್ಲ. ತಡೆಗೋಡೆಯಿಲ್ಲದೆ ರಸ್ತೆಯ ಪಕ್ಕದಲ್ಲೇ ಹರಿಯುವ ನಾಲೆ ಹಜಾರ್ಡ್. ಆ ದಾರಿಯಲ್ಲಿ ದಿನಕ್ಕೆ ಎಷ್ಟು ವಾಹನ ಓಡಾಡುತ್ತವೆ, ಉರುಳುವ ಸಂಭವ ಎಷ್ಟು, ಉರುಳಿದರೆ ಎಷ್ಟು ಜೀವ ಹೋಗಬಹುದು ಎಂಬ ಲೆಕ್ಕ ರಿಸ್ಕ್. ಹೀಗೆ ಹೇಳಿದ ಮೇಲೆ ಗೋಜಲು ಉಳಿಯುವುದಿಲ್ಲ. ಹಾಗಾಗಿ ಪದ ಇಂಗ್ಲಿಷಿನದು, ಅರ್ಥ ಊರಿನದು.

ಅಳೆಯುವುದು ಹೇಗೆ? ಒಂದು ಉದಾಹರಣೆ ಕೊಡಬಹುದೇ?

ಮೂರನೆಯ ವರ್ಷದ ಒಂದು ಸನ್ನಿವೇಶ ಹೀಗಿದೆ. ಮೈಸೂರಿನ ಹೊರವಲಯದ ಕಲ್ಯಾಣ ಮಂಟಪವೊಂದರಲ್ಲಿ ಮುಹೂರ್ತದ ಹೊತ್ತು. ಫೋಟೋಗ್ರಾಫರ್ ಡ್ರೋನ್ ಮೇಲೆಬ್ಬಿಸಲು ಸಿದ್ಧನಾಗಿದ್ದಾನೆ. ಅದೇ ಹೊತ್ತಿಗೆ ಮಂಡಕಳ್ಳಿ ನಿಲ್ದಾಣಕ್ಕೆ ಎಟಿಆರ್ ವಿಮಾನವೊಂದು ಇಳಿಯಲು ಬರುತ್ತಿದೆ. ನೀವು ನಿಲ್ದಾಣದ ಸುರಕ್ಷತಾ ಸಿಬ್ಬಂದಿ. 40 ನಿಮಿಷದಲ್ಲಿ ಒಂದು ಪುಟದ ಟಿಪ್ಪಣಿ ಬರೆಯಿರಿ.

ಇಲ್ಲಿ ನಾವು ನೋಡುವುದು ನಾಲ್ಕು ವಿಷಯಗಳನ್ನು. ಮಂಟಪ ನಿಲ್ದಾಣದ ಗಡಿಯಿಂದ ಎಷ್ಟು ದೂರದಲ್ಲಿದೆ ಎಂದು ಮೊದಲು ನಕ್ಷೆಯಲ್ಲಿ ಅಳೆದರೇ? 2021ರ ಡ್ರೋನ್ ನಿಯಮಗಳ ಪ್ರಕಾರ ಗಡಿಯಿಂದ 8ರಿಂದ 12 ಕಿಲೋಮೀಟರ್ ಪಟ್ಟಿಯಲ್ಲಿ 200 ಅಡಿಯ ತನಕ ಮಾತ್ರ ಹಸಿರು ವಲಯ, ಅಂದರೆ ಮೊದಲೇ ಅನುಮತಿ ಬೇಡದ ಜಾಗ. ಅದಕ್ಕಿಂತ ಹತ್ತಿರ ಬಂದರೆ ಲೆಕ್ಕವೇ ಬೇರೆ. ಎರಡನೆಯದು, ಐದು ಸಾಲು ಐದು ಕಂಬಸಾಲಿನ ರಿಸ್ಕ್ ಕೋಷ್ಟಕದಲ್ಲಿ ಸಂಭವಕ್ಕೆ 1ರಿಂದ 5, ತೀವ್ರತೆಗೆ ಎ ಇಂದ ಇ ತನಕ ಯಾವ ಮನೆ ಆರಿಸಿದರು, ಆ ಆಯ್ಕೆಗೆ ಕೊಟ್ಟ ಕಾರಣವೇನು? ಮೂರನೆಯದು, ಮೊದಲ ಫೋನ್ ಕರೆ ಯಾರಿಗೆ? ನಾಲ್ಕನೆಯದು, ಆ ದಿನದ ಗಂಡಾಂತರ ಕಳೆದ ಮೇಲೆ ಮುಂದಿನ ಮದುವೆಗೆ ಏನು ವ್ಯವಸ್ಥೆ?

ಬುದ್ಧಿವಂತ ವಿದ್ಯಾರ್ಥಿಗಳು ಎರಡನೆಯದರಲ್ಲಿ ಮುಳುಗಿ ಮೂರನೆಯದನ್ನು ಮರೆತುಬಿಡುವುದನ್ನು ನಾನು ನೋಡಿದ್ದೇನೆ. ಕೋಷ್ಟಕಕ್ಕೆ ಅಚ್ಚುಕಟ್ಟಾಗಿ ಬಣ್ಣ ಹಚ್ಚಿರುತ್ತಾರೆ, ನಿಯಂತ್ರಣ ಗೋಪುರಕ್ಕೆ ಸುದ್ದಿ ಮುಟ್ಟಿಸಿರುವುದಿಲ್ಲ.

ಪ್ರತಿ ಟಿಪ್ಪಣಿಯನ್ನು ಇಬ್ಬರು ಅಧ್ಯಾಪಕರು ಒಬ್ಬರ ಅಂಕ ಇನ್ನೊಬ್ಬರಿಗೆ ಕಾಣದಂತೆ ತಿದ್ದುತ್ತೇವೆ. ಯಾವ ಮಟ್ಟದ ಉತ್ತರಕ್ಕೆ ಎಷ್ಟು ಎಂಬ ಅಳತೆಪಟ್ಟಿಯನ್ನು ವಿದ್ಯಾರ್ಥಿಗಳಿಗೂ ಮೊದಲೇ ಕೊಟ್ಟಿರುತ್ತೇವೆ. ಇಬ್ಬರ ಅಂಕಗಳ ನಡುವೆ ದೊಡ್ಡ ಅಂತರ ಬಂದರೆ ತಪ್ಪು ವಿದ್ಯಾರ್ಥಿಯದಲ್ಲ, ಅಳತೆಪಟ್ಟಿಯದು. ಅದನ್ನು ಮತ್ತೆ ಬರೆಯುತ್ತೇವೆ.

ಮಂಗಳೂರಿನ ಅಪಘಾತದ ಪಾಠಕ್ಕೆ ಇಷ್ಟೊಂದು ತರಗತಿಗಳು ಏಕೆ?

2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಟೇಬಲ್‌ಟಾಪ್ (ಗುಡ್ಡದ ನೆತ್ತಿಯ ಮೇಲಿನ) ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಮಂದಿ ತೀರಿಕೊಂಡರು, ಉಳಿದವರು ಎಂಟೇ ಮಂದಿ. ನಮ್ಮ ನಾಡಿನೊಳಗೇ ನಡೆದದ್ದು, ನಮ್ಮ ಜನರೇ ಹೋದದ್ದು. ತನಿಖಾ ವರದಿಯಲ್ಲಿ ಎರಡು ಸಂಗತಿಗಳು ಎದೆಗೆ ನಾಟುತ್ತವೆ. ಕ್ಯಾಪ್ಟನ್ ಹಾರಾಟದ ಬಹುಪಾಲು ಹೊತ್ತು ನಿದ್ದೆಯಲ್ಲಿದ್ದರು. ಎದ್ದ ಮೇಲೂ ನಿದ್ದೆಯ ಮಂಪರು ತೀರ್ಮಾನಗಳನ್ನು ಬಾಧಿಸಿತು. ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿ, ವೇಗದಲ್ಲಿ ಬರುತ್ತಿದ್ದಾಗ ಸಹ ಪೈಲಟ್ ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಮೂರು ಬಾರಿ ಹೇಳಿದರು. ವಿಮಾನ ಮೇಲೇರಲಿಲ್ಲ.

ಆ ಮೂರು ಬಾರಿಯ ಮಾತಿನ ಮೇಲೆ ನಮ್ಮ ಒಂದು ಇಡೀ ಫಲ ನಿಂತಿದೆ. ಹಿರಿಯರ ಎದುರು ಕಿರಿಯರು ಎಷ್ಟು ಗಟ್ಟಿಯಾಗಿ ಹೇಳಬೇಕು? ಹೇಳಿದರೂ ಕೇಳದಿದ್ದರೆ ಏನು ಮಾಡಬೇಕು? ನಮ್ಮ ಮನೆಗಳಲ್ಲಿ 'ದೊಡ್ಡವರ ಎದುರು ಮಾತಾಡಬೇಡ' ಎಂದು ಹೇಳಿ ಬೆಳೆಸಿರುತ್ತೇವೆ. ಆ ಗೌರವ ಒಳ್ಳೆಯದೇ. ಆದರೆ ಕಾಕ್‌ಪಿಟ್‌ನಲ್ಲಿ, ಹ್ಯಾಂಗರ್‌ನಲ್ಲಿ ಮೌನಕ್ಕೆ ಬೆಲೆ ತೆರಬೇಕಾಗುತ್ತದೆ. ಅದಕ್ಕೇ ಪಾತ್ರ ಕೊಟ್ಟು ಅಭ್ಯಾಸ ಮಾಡಿಸುತ್ತೇವೆ. ನಾನೇ ಹಟಮಾರಿ ಮೇಲಧಿಕಾರಿಯಾಗಿ ಕೂರುತ್ತೇನೆ, ವಿದ್ಯಾರ್ಥಿ ನನ್ನ ತೀರ್ಮಾನವನ್ನು ತಡೆಯಬೇಕು. ಶುರುವಿನಲ್ಲಿ ಹೆಚ್ಚಿನವರು 'ಮೇಡಂ, ಒಂದು ಸಲ ನೋಡಬಹುದೇನೋ...' ಎಂದು ನೆಲ ನೋಡುತ್ತಾ ಹೇಳುತ್ತಾರೆ. ಕೊನೆಯ ವರ್ಷಕ್ಕೆ ಅದೇ ಹುಡುಗಿ ಕಣ್ಣಲ್ಲಿ ಕಣ್ಣಿಟ್ಟು 'ಮೇಡಂ, ಕೆಲಸ ನಿಲ್ಲಿಸಿ. ಇಂಧನದ ಲೆಕ್ಕ ತಾಳೆಯಾಗುತ್ತಿಲ್ಲ' ಎನ್ನುತ್ತಾಳೆ. ಆ ಎರಡು ವಾಕ್ಯಗಳ ನಡುವಿನ ದೂರವನ್ನೇ ನಾವು ಅಳೆಯುವುದು. ವಿಡಿಯೊ ಮಾಡಿಟ್ಟುಕೊಂಡು ಮೊದಲ ವರ್ಷದ್ದನ್ನೂ ಕೊನೆಯ ವರ್ಷದ್ದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುತ್ತೇವೆ.

ತರಗತಿಯ ಶೇ 70ರಷ್ಟು ಮಂದಿ ಗುರಿ ಮುಟ್ಟಿದರೆ ಸಾಕಲ್ಲವೇ?

ಮಾನ್ಯತೆಯ ಲೆಕ್ಕದಲ್ಲಿ ಸಾಕಾಗಬಹುದು. 30 ಮಂದಿಯಲ್ಲಿ 21 ಮಂದಿ ನಿಗದಿತ ಅಂಕ ದಾಟಿದರೆ ಶೇ 70 ಆಯಿತು; ಹಲವು ಕಾಲೇಜುಗಳ ಪದ್ಧತಿಯಲ್ಲಿ ಅದು ಮೂರನೆಯ ಮಟ್ಟದ ಸಾಧನೆ, ಅಂದರೆ ಅತ್ಯುನ್ನತ. ನನಗೆ ಆ ಲೆಕ್ಕದ ಮೇಲೆ ಪೂರ್ತಿ ನಂಬಿಕೆ ಇಲ್ಲ. ಉಳಿದ ಒಂಬತ್ತು ಮಂದಿಯೂ ಪದವೀಧರರಾಗುತ್ತಾರೆ, ಅವರೂ ವಿಮಾನದ ಹತ್ತಿರ ಹೋಗಿ ನಿಲ್ಲುತ್ತಾರೆ.

1990ರ ಜೂನ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನಿಂದ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನವೊಂದರ ಮುಂದಿನ ಗಾಜು ಆಕಾಶದಲ್ಲೇ ಕಿತ್ತುಹೋಗಿ ಕ್ಯಾಪ್ಟನ್ ಅರ್ಧ ದೇಹ ಹೊರಗೆ ಸೆಳೆದುಹೋದರು. ಸಿಬ್ಬಂದಿ ಅವರ ಕಾಲು ಹಿಡಿದುಕೊಂಡರು, ಕ್ಯಾಪ್ಟನ್ ಬದುಕಿದರು. ಹಾರಾಟಕ್ಕೆ 27 ಗಂಟೆ ಮೊದಲು ಗಾಜು ಕೂರಿಸುವಾಗ ಬೋಲ್ಟ್‌ಗಳನ್ನು ಕಣ್ಣಳತೆಯಲ್ಲಿ ಹೋಲಿಸಿ ತಂದಿದ್ದರು. 90ರಲ್ಲಿ 84 ಬೋಲ್ಟ್‌ಗಳು ವ್ಯಾಸದಲ್ಲಿ ಸಣ್ಣವು, ಉಳಿದ ಆರು ಉದ್ದದಲ್ಲಿ ಗಿಡ್ಡ. ವ್ಯಾಸದ ವ್ಯತ್ಯಾಸ ಒಂದು ಮಿಲಿಮೀಟರ್ ಕೂಡ ಇರಲಿಲ್ಲ. ಬಿಡಿಭಾಗದ ಸಂಖ್ಯೆಯನ್ನು ಕೈಪಿಡಿಯಲ್ಲಿ ನೋಡಿ ತಾಳೆ ಹಾಕುವ ಹೆಜ್ಜೆ ತಪ್ಪಿತ್ತು. ಅಂಥ ಹೆಜ್ಜೆಗೆ ಸರಾಸರಿ ಎಂಬುದಿಲ್ಲ.

ಆದ್ದರಿಂದ ಕೆಲವನ್ನು ಕಡ್ಡಾಯ ಎಂದು ಬೇರೆ ಇಟ್ಟಿದ್ದೇವೆ: ದಾಖಲೆ ತಾಳೆ ಹಾಕುವುದು, ಉಪಕರಣಗಳ ಲೆಕ್ಕ, ಕೆಲಸ ನಿಲ್ಲಿಸು ಎಂದು ಹೇಳುವುದು, ಶಿಫ್ಟ್ ಬದಲಾಗುವಾಗ ಬಾಕಿ ಕೆಲಸವನ್ನು ಬರೆದು ಒಪ್ಪಿಸುವುದು. ಇವುಗಳಲ್ಲಿ ಒಟ್ಟು ಅಂಕ ಎಷ್ಟೇ ಇರಲಿ, ಪ್ರತಿಯೊಬ್ಬರೂ ತೇರ್ಗಡೆಯಾಗಲೇಬೇಕು. ಆಗದಿದ್ದರೆ ಮತ್ತೆ ಕಲಿಸುತ್ತೇವೆ, ಮತ್ತೆ ಪರೀಕ್ಷಿಸುತ್ತೇವೆ.

ತಪ್ಪು ಮಾಡಿ ತಾನೇ ಒಪ್ಪಿಕೊಂಡರೆ ಅಂಕ ಕಡಿಮೆಯಾಗುತ್ತದೆಯೇ?

ಆಗುವುದಿಲ್ಲ. ಹಿಂದೆ ಆಗುತ್ತಿತ್ತು, ಅದು ನಮ್ಮದೇ ತಪ್ಪು.

ಕಾರ್ಯಾಗಾರದ ಗೋಡೆಯ ಮೇಲೆ ಉಪಕರಣಗಳ ಹಲಗೆಯಿದೆ. ಪ್ರತಿ ಸ್ಪ್ಯಾನರ್‌ಗೂ ಅದರ ಆಕಾರದ ಕಪ್ಪು ನೆರಳನ್ನು ಬರೆದಿದೆ. ತೆಗೆದುಕೊಂಡವರು ಆ ಜಾಗದಲ್ಲಿ ತಮ್ಮ ಸಂಖ್ಯೆಯ ಹಿತ್ತಾಳೆ ಬಿಲ್ಲೆಯನ್ನು ನೇತುಹಾಕಬೇಕು. ಸಂಜೆ ಒಂದು ಬಿಲ್ಲೆಯೂ ಉಳಿದಿರಬಾರದು. ಯಾರದಾದರೂ ಉಪಕರಣ ಕಾಣೆಯಾದರೆ ಹಿಂದೆ ಐದು ಅಂಕ ಕಳೆಯುತ್ತಿದ್ದೆವು. ಒಂದು ಸಂಜೆ ಹಲಗೆಯಲ್ಲಿ ಎಲ್ಲ ಸರಿಯಿತ್ತು, ಆದರೆ ಹತ್ತರ ಸ್ಪ್ಯಾನರ್ ಹೊಚ್ಚ ಹೊಸದಾಗಿ ಹೊಳೆಯುತ್ತಿತ್ತು. ವಿದ್ಯಾರ್ಥಿಯೊಬ್ಬ ಅಂಕ ಹೋಗುತ್ತದೆಂದು ಹೆದರಿ ಪೇಟೆಗೆ ಓಡಿ, ತನ್ನ ದುಡ್ಡಿನಲ್ಲಿ ಹೊಸದನ್ನು ಕೊಂಡು ತಂದು ನೇತುಹಾಕಿದ್ದ. ಹಳೆಯದು ಅಭ್ಯಾಸದ ಎಂಜಿನ್ನಿನ ಕವಚದೊಳಗೆ ಸಿಕ್ಕಿತು. ನಿಜವಾದ ವಿಮಾನವಾಗಿದ್ದರೆ ಏನಾಗುತ್ತಿತ್ತು ಎಂದು ಆ ರಾತ್ರಿಯೆಲ್ಲ ನನಗೆ ನಿದ್ದೆ ಹತ್ತಲಿಲ್ಲ. ಮುಚ್ಚಿಡುವುದನ್ನು ನಾವೇ ಕಲಿಸಿಕೊಟ್ಟಿದ್ದೆವು.

ಮರುವಾರವೇ ನಿಯಮ ಬದಲಾಯಿಸಿದೆವು. ಕಾಣೆಯಾದದ್ದನ್ನು ತಾನಾಗಿ ಬಂದು ಹೇಳಿದರೆ ಕಡಿತವಿಲ್ಲ. ಹೇಗೆ ಕಾಣೆಯಾಯಿತು, ಮುಂದೆ ತಪ್ಪಿಸುವುದು ಹೇಗೆ ಎಂದು ಅರ್ಧ ಪುಟ ಬರೆದರೆ ಅದಕ್ಕೆ ಅಂಕವಿದೆ. ಬೇಕೆಂದೇ ನಿಯಮ ಮುರಿದವರಿಗೆ, ಮುಚ್ಚಿಟ್ಟವರಿಗೆ ಈ ರಿಯಾಯಿತಿ ಇಲ್ಲ. ಈಗ ವರದಿಗಳ ಸಂಖ್ಯೆ ಏರಿದೆ. ತಪಾಸಣೆಗೆ ಬಂದವರು 'ಇಷ್ಟೊಂದು ತಪ್ಪುಗಳೇ?' ಎಂದು ಹುಬ್ಬೇರಿಸಿದಾಗ ನಾವು ಅದನ್ನೇ ಸಾಧನೆಯ ಪಟ್ಟಿಯಲ್ಲಿ ತೋರಿಸುತ್ತೇವೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇದು ಕಷ್ಟವಲ್ಲವೇ?

ಮೊದಲ ವರ್ಷ ಕಷ್ಟ. ಅದಕ್ಕೆ ನಾವೇ ಒಂದು ಎಚ್ಚರ ವಹಿಸುತ್ತೇವೆ: ಸುರಕ್ಷತೆಯನ್ನು ಅಳೆಯಲು ಹೋಗಿ ಇಂಗ್ಲಿಷನ್ನು ಅಳೆಯಬಾರದು. ಮೊದಲ ಎರಡು ಸೆಮಿಸ್ಟರ್‌ಗಳ ಮೌಖಿಕ ಪರೀಕ್ಷೆಯಲ್ಲಿ ಕನ್ನಡದಲ್ಲೇ ಉತ್ತರಿಸಬಹುದು. ಮಳವಳ್ಳಿ ಕಡೆಯ ಹುಡುಗನೊಬ್ಬ ಇಂಗ್ಲಿಷ್ ಪತ್ರಿಕೆಯಲ್ಲಿ ಮೂರು ಸಾಲಿನ ಮೇಲೆ ಬರೆದಿರಲಿಲ್ಲ. ಮೌಖಿಕದಲ್ಲಿ ಕನ್ನಡದಲ್ಲಿ ಕೇಳಿದಾಗ, ರನ್‌ವೇ ಪಕ್ಕದ ಹುಲ್ಲು ಕತ್ತರಿಸಿದ ಮರುದಿನವೇ ಹಕ್ಕಿಗಳು ಏಕೆ ಹೆಚ್ಚುತ್ತವೆ ಎಂದು, ಗದ್ದೆ ಉಳುವಾಗ ನೇಗಿಲ ಹಿಂದೆ ಬರುವ ಬೆಳ್ಳಕ್ಕಿಗಳ ಲೆಕ್ಕದಲ್ಲಿ ಹತ್ತು ನಿಮಿಷ ವಿವರಿಸಿದ. ಅಂಥವನಿಗೆ ಸೊನ್ನೆ ಕೊಟ್ಟು ಕಳುಹಿಸಿದರೆ ನಷ್ಟ ಯಾರಿಗೆ? ಆದರೆ ಉದ್ಯಮದ ವರದಿ, ಕೈಪಿಡಿ ಎಲ್ಲವೂ ಇಂಗ್ಲಿಷಿನಲ್ಲಿವೆ. ಮೂರನೆಯ ವರ್ಷದಿಂದ ಲಿಖಿತ ವರದಿಗೆ ಇಂಗ್ಲಿಷ್ ಕಡ್ಡಾಯ, ಅದಕ್ಕಾಗಿ ಸಂಜೆ ಬೇರೆ ತರಗತಿ ನಡೆಸುತ್ತೇವೆ.

ಪ್ಲೇಸ್‌ಮೆಂಟ್ ಶೇಕಡಾ ಎಷ್ಟು?

ಯಾವ ಕಾಲೇಜು ಶೇಕಡಾವಾರು ಹೇಳಿದರೂ 'ಎಷ್ಟು ಜನರಲ್ಲಿ?' ಎಂದು ಮರುಪ್ರಶ್ನೆ ಹಾಕಿ. ಒಂದು ಕಾಲ್ಪನಿಕ ಲೆಕ್ಕ ನೋಡಿ. 60 ಮಂದಿ ಸೇರಿದರು, 48 ಮಂದಿ ಪದವಿ ಮುಗಿಸಿದರು, 40 ಮಂದಿ ಪ್ಲೇಸ್‌ಮೆಂಟ್‌ಗೆ ಹೆಸರು ಕೊಟ್ಟರು, 34 ಮಂದಿಗೆ ಕೆಲಸ ಸಿಕ್ಕಿತು. ಹೆಸರು ಕೊಟ್ಟವರಲ್ಲಿ ಶೇ 85. ಮುಗಿಸಿದವರಲ್ಲಿ ಸುಮಾರು ಶೇ 71. ಸೇರಿದವರಲ್ಲಿ ಶೇ 57ರ ಹತ್ತಿರ. ಮೂರೂ ಸತ್ಯವೇ. ಕರಪತ್ರದಲ್ಲಿ ಬರುವುದು ಮೊದಲನೆಯದು, ತಂದೆ ತಾಯಿಗೆ ಬೇಕಾದದ್ದು ಮೂರನೆಯದು. ನಾವು ಮೂರನ್ನೂ ವಿಭಾಗದ ಸೂಚನಾ ಫಲಕದಲ್ಲಿ ಹಾಕುತ್ತೇವೆ. ವಿಮಾನಯಾನ ಕ್ಷೇತ್ರದ ಕೆಲಸ ಎಷ್ಟು, ಬೇರೆ ಕೆಲಸ ಎಷ್ಟು ಎಂದೂ ಬಿಡಿಸಿ ಬರೆಯುತ್ತೇವೆ.

ಕೆಲಸ ಸಿಕ್ಕಿದರೆ ಯಶಸ್ಸು ಎಂದೇ ಅರ್ಥವಲ್ಲವೇ?

ಅದು ಮೊದಲ ಮೆಟ್ಟಿಲು. ತರಬೇತಿಯನ್ನು ನಾಲ್ಕು ಹಂತಗಳಲ್ಲಿ ಅಳೆಯಬೇಕು ಎಂದು ಅಮೆರಿಕದ ತರಬೇತಿ ತಜ್ಞ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ಹೇಳಿದ್ದರು: ಮೆಚ್ಚಿದರೇ, ಕಲಿತರೇ, ಕೆಲಸದಲ್ಲಿ ನಡವಳಿಕೆ ಬದಲಾಯಿತೇ, ಸಂಸ್ಥೆಗೆ ಫಲ ಸಿಕ್ಕಿತೇ. ಮೊದಲ ಎರಡನ್ನು ಕಾಲೇಜಿನಲ್ಲೇ ತಿಳಿಯಬಹುದು. ಮೂರನೆಯದಕ್ಕೆ ಹಳೆಯ ವಿದ್ಯಾರ್ಥಿಗಳ ಹಿಂದೆ ಹೋಗಬೇಕು. ಪದವಿಯಾದ ಆರು ತಿಂಗಳಿಗೆ, ಮೂರು ವರ್ಷಕ್ಕೆ, ಐದು ವರ್ಷಕ್ಕೆ ನಾವು ಫೋನ್ ಮಾಡುತ್ತೇವೆ. ಸಂಬಳ ಎಷ್ಟು ಎಂದು ಕೇಳುವ ಮೊದಲು ಕೇಳುವುದು ಇದು: ಈ ವರ್ಷ ನೀವಾಗಿ ಬರೆದು ಕೊಟ್ಟ ಸುರಕ್ಷತಾ ವರದಿ ಎಷ್ಟು? ಅದರಿಂದ ಏನಾದರೂ ಬದಲಾಯಿತೇ? ಬರೆಯಬೇಕೆನಿಸಿಯೂ ಬರೆಯದೆ ಬಿಟ್ಟದ್ದುಂಟೇ, ಏಕೆ? ಕೊನೆಯ ಪ್ರಶ್ನೆಗೆ ಬರುವ ಉತ್ತರಗಳೇ ಪಠ್ಯಕ್ರಮಕ್ಕೆ ಹೆಚ್ಚು ಉಪಯೋಗಕ್ಕೆ ಬಂದಿವೆ.

ನಾಲ್ಕನೆಯ ಹಂತ ಬಹಳ ಕಷ್ಟ. ಸುರಕ್ಷತೆಯ ಕೆಲಸ ಚೆನ್ನಾಗಿ ನಡೆದರೆ ಏನೂ ಆಗುವುದಿಲ್ಲ. ಆಗದೆ ಉಳಿದದ್ದನ್ನು ಎಣಿಸುವುದು ಹೇಗೆ? ಅಪಘಾತಗಳು ಅಪರೂಪ, ಅವಕ್ಕೆ ಕಾರಣಗಳು ಹತ್ತಾರು. ಹಾಗಾಗಿ ನಮ್ಮ ಪದವೀಧರರಿರುವ ಸಂಸ್ಥೆಯಲ್ಲಿ ಅಪಘಾತ ಆಗಿಲ್ಲ ಎಂಬುದನ್ನು ನಾವು ಎಂದೂ ನಮ್ಮ ಹೆಗ್ಗಳಿಕೆಯಾಗಿ ಬರೆಯುವುದಿಲ್ಲ.

ಫೋನ್ ತೆಗೆಯದವರ ಲೆಕ್ಕ?

ಚೆನ್ನಾಗಿರುವವರು ಬೇಗ ಫೋನ್ ತೆಗೆಯುತ್ತಾರೆ. ಕೆಲಸ ಬಿಟ್ಟವರು, ಸಿಗದವರು ತೆಗೆಯುವುದಿಲ್ಲ. ಆದ್ದರಿಂದ ಉತ್ತರಿಸದವರನ್ನು 'ಮಾಹಿತಿ ಇಲ್ಲ' ಎಂದು ಬೇರೆ ಸಾಲಿನಲ್ಲಿ ತೋರಿಸುತ್ತೇವೆ, ಲೆಕ್ಕದಿಂದ ಬಿಡುವುದಿಲ್ಲ. ನಮ್ಮ ಬ್ಯಾಚ್‌ಗಳು ಚಿಕ್ಕವು. 20 ಮಂದಿಯ ಬ್ಯಾಚಿನಲ್ಲಿ ಒಬ್ಬರ ಸ್ಥಿತಿ ಬದಲಾದರೆ ಶೇ 5 ಆಚೀಚೆ ಆಗುತ್ತದೆ. ಅದಕ್ಕೇ ಮೂರು ವರ್ಷಗಳ ಅಂಕಿಗಳನ್ನು ಕೂಡಿಸಿ ನೋಡುತ್ತೇವೆ.

ಮಾನ್ಯತೆ ಇದ್ದರೆ ಇದೆಲ್ಲ ಖಾತರಿಯೇ?

ನಮ್ಮಲ್ಲಿ ಮಾನ್ಯತೆ ಕೊಡುವ ಮಂಡಳಿಗಳಲ್ಲಿ ಎನ್‌ಬಿಎ ಒಂದೊಂದು ಕೋರ್ಸನ್ನು, ನ್ಯಾಕ್ ಇಡೀ ಸಂಸ್ಥೆಯನ್ನು ನೋಡುತ್ತದೆ. ಅಮೆರಿಕದಲ್ಲಿ ವಿಮಾನಯಾನ ಶಿಕ್ಷಣಕ್ಕೆಂದೇ ಎಎಬಿಐ ಎಂಬ ಮಂಡಳಿಯಿದೆ. ಮಾನ್ಯತೆಯಿಂದ ಕಾಲೇಜಿಗೆ ಶಿಸ್ತು ಬರುತ್ತದೆ, ಕಡತಗಳು ಸರಿಯಾಗುತ್ತವೆ. ಆದರೂ ಭೇಟಿ ಕೊಟ್ಟಾಗ ಕಡತಕ್ಕಿಂತ ಮೊದಲು ಕಾರ್ಯಾಗಾರದ ಹಲಗೆಯನ್ನು ನೋಡಿ, ಮೂರನೆಯ ವರ್ಷದ ಒಬ್ಬ ವಿದ್ಯಾರ್ಥಿಯ ಜೊತೆ ಮಾತಾಡಿ.

ಅಳೆದ ಮೇಲೆ ಏನು ಬದಲಾಗುತ್ತದೆ?

ಪ್ರತಿ ಜೂನ್‌ನಲ್ಲಿ ಎರಡು ದಿನ ಕುಳಿತು ಅಂಕಿಗಳನ್ನು ಹರಡಿಕೊಳ್ಳುತ್ತೇವೆ. ಎಲ್ಲವನ್ನೂ ಸರಿಪಡಿಸಲು ಹೊರಡುವುದಿಲ್ಲ. ಅತಿ ದುರ್ಬಲವಾದ ಎರಡು ಫಲಗಳನ್ನು ಆರಿಸಿ, ಯಾರು ಏನು ಬದಲಾಯಿಸಬೇಕು, ಯಾವಾಗ ಮತ್ತೆ ಅಳೆಯಬೇಕು ಎಂದು ಬರೆದುಕೊಳ್ಳುತ್ತೇವೆ. ಶಿಫ್ಟ್ ಒಪ್ಪಿಸುವ ಅಭ್ಯಾಸ ಹಾಗೆಯೇ ಪಠ್ಯಕ್ಕೆ ಬಂದದ್ದು. ರಾತ್ರಿ ಪಾಳಿಯಲ್ಲಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನಿನಲ್ಲಿ 'ಮೇಡಂ, ಇದನ್ನು ನಮಗೆ ಯಾರೂ ಹೇಳಿಕೊಡಲಿಲ್ಲ' ಎಂದಿದ್ದಳು.

ನಾನು ಹಳೆಯ ವಿದ್ಯಾರ್ಥಿ. ನಂಬರ್ ಬದಲಾಗಿದೆ, ಈಗ ಬೇರೆ ಕ್ಷೇತ್ರದಲ್ಲಿದ್ದೇನೆ. ನನ್ನ ಮಾಹಿತಿ ಬೇಕೇ?

ಬೇಕು, ನಿಮ್ಮದಂತೂ ಖಂಡಿತ ಬೇಕು. ವಿಭಾಗದ ಕಚೇರಿಗೆ ಒಂದು ಕರೆ ಮಾಡಿ ಹೊಸ ನಂಬರ್ ಬರೆಸಿ. ಕ್ಷೇತ್ರ ಬಿಟ್ಟದ್ದಕ್ಕೆ ಕಾರಣ ಹೇಳಬೇಕೆನಿಸಿದರೆ ಹೇಳಿ. ಹೆಸರು ಹೊರಗೆ ಬರುವುದಿಲ್ಲ. ಮೈಸೂರಿಗೆ ಬಂದಾಗ ಸಂಜೆ ನಾಲ್ಕರ ಮೇಲೆ ಕಾರ್ಯಾಗಾರದ ಕಡೆ ಬನ್ನಿ. ನಿಮ್ಮ ಸಂಖ್ಯೆಯ ಬಿಲ್ಲೆ ಈಗ ಯಾರ ಬಳಿ ಇದೆ ಎಂದು ತೋರಿಸುತ್ತೇನೆ.